ಹೆಸರು ಹಾಕಿಸಿದ ಡಬ್ಬಿ

ಗೋವರ್ಧನ್ ಅಡಾಪ್ಟರಿನ ಫೋಟೊ ಕಳಿಸಿದ್ದು ಶನಿವಾರ ಸಂಜೆ. ನಾನು ಅದನ್ನು ಸರಿಯಾಗಿ ನೋಡಿದ್ದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಲ್ಲಿಯವರೆಗೆ ಫೋಟೊದ ಕೆಳಗೆ ಅವರು ಬರೆದಿದ್ದ ಸಾಲನ್ನೇ ಓದುತ್ತಿದ್ದೆ. "ಬ್ಯಾಂಡಿನೋರತ್ರ ಇಸ್ಕಂಡೆ, ಇನ್ನು ಬ್ಯಾಟರಿ ಚಿಂತೆ ಇಲ್ಲ. ನಾಳೆ ಆರತಕ್ಷತೆ ಮುಗಿದ ತಕ್ಷಣ ನಿಮ್ಮ ಉತ್ತರ ಬೇಕು." ಕೊನೆಯ ಮೂರು ಪದಗಳನ್ನು ಎಷ್ಟು ಸಲ ಓದಿದೆನೋ, ಲೆಕ್ಕವಿಲ್ಲ.

ಅಡಾಪ್ಟರಿನ ಬೆನ್ನ ಮೇಲೆ ಒಂದು ಪುಟ್ಟ ಚಿತ್ರ ಇರುತ್ತದೆ. ಪಿನ್ನಿನ ಒಳಗೆ ಪ್ಲಸ್ಸೋ ಮೈನಸ್ಸೋ ಎಂದು ಅದು ಹೇಳುತ್ತದೆ. ನಮ್ಮ ಅಂಗಡಿಗೆ ಬರುವ ರೇಡಿಯೊ, ಸ್ಪೀಕರು, ಸೆಟ್‌ಟಾಪ್ ಬಾಕ್ಸು, ನಾನು ಬಿಚ್ಚಿದ್ದರಲ್ಲೆಲ್ಲ ಒಳಗೆ ಪ್ಲಸ್ಸೇ. ಗೋವರ್ಧನ್‌ಗೆ ಸ್ಟೀಲಿನ ಡಬ್ಬಿಯೊಳಗೆ ಮಾಡಿಕೊಟ್ಟ ಗಿಟಾರಿನ ಪೆಡಲಿಗೂ ಯೋಚಿಸದೆ ಹಾಗೇ ವೈರು ಹಾಕಿದ್ದೆ. ಫೋಟೊದಲ್ಲಿ ಒಳಗೆ ಮೈನಸ್ ಇತ್ತು. ಗಿಟಾರಿನವರ ಅಡಾಪ್ಟರು ಉಲ್ಟಾ ಇರುತ್ತದೆಂದು ರಾಯದುರ್ಗದ ರೇಡಿಯೊ ಅಂಗಡಿಯಲ್ಲಿ ಕೂತವಳಿಗೆ ಯಾರು ಹೇಳಬೇಕು?

ಅದನ್ನು ಚುಚ್ಚಿದರೆ ಪೆಡಲಿನೊಳಗಿನ ಐಸಿ ಚಿಪ್ಪು ಸುಟ್ಟುಹೋಗುತ್ತದೆ. ಉಲ್ಟಾ ಕರೆಂಟು ತಡೆಯಲು ಒಂದು ಡಯೋಡು ಅಡ್ಡ ಹಾಕಿದ್ದರೆ ಉಳಿಯುತ್ತಿತ್ತು. ಅದನ್ನೂ ಹಾಕಿರಲಿಲ್ಲ.

ಫೋನ್ ಮಾಡಿದೆ. ಪೂರ್ತಿ ರಿಂಗಾಯಿತು, ಎತ್ತಲಿಲ್ಲ. ಎರಡನೇ ಸಲಕ್ಕೆ ಸ್ವಿಚ್ ಆಫ್. "ಅಡಾಪ್ಟರ್ ಹಾಕಬ್ಯಾಡ್ರಿ" ಎಂದು ಕಳಿಸಿದ ಮೆಸೇಜು ಒಂದೇ ಟಿಕ್ಕಿನಲ್ಲಿ ನಿಂತಿತು.

ಶುಕ್ರವಾರ ತಂಗಿಯ ಮದುವೆಗೆಂದು ಮಡಕಶಿರಾಕ್ಕೆ ಹೊರಟಾಗ ಅವರು ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಮನೆಯಲ್ಲಿ ನಮ್ಮಿಬ್ಬರ ವಿಷಯ ಮಾತಾಡಲೇ ಎಂದು ಕೇಳಿದ್ದರು. ಹ್ಞೂಂ ಎನ್ನಲು ಬಾಯಿ ತೆರೆದವಳು ಹೇಳಿದ್ದೇ ಬೇರೆ. "ಮೊದ್ಲು ಡಬ್ಬಿ ಸ್ಟೇಜಿನ ಮ್ಯಾಲ ಕೆಲಸ ಮಾಡ್ಲಿ ಬಿಡ್ರಿ. ಆಮ್ಯಾಲ ಹೇಳ್ತೀನಿ." ಮೀಟರು ಹಿಡಿದು ಅಳೆಯದೆ ಯಾವುದನ್ನೂ ಸರಿ ಎನ್ನಬಾರದೆಂದು ಅಪ್ಪ ಕಲಿಸಿದ್ದರು. ಆ ಪಾಠವನ್ನು ಎಲ್ಲಿ ಉಪಯೋಗಿಸಬಾರದೋ ಅಲ್ಲಿ ಉಪಯೋಗಿಸಿದ್ದೆ. ಈಗ ನನ್ನ ಉತ್ತರ ನಾನೇ ತಪ್ಪು ವೈರು ಹಾಕಿದ ಡಬ್ಬಿಗೆ ಜೋತುಬಿದ್ದಿತ್ತು. ಆರತಕ್ಷತೆಯಲ್ಲಿ ಅವರು ಗಿಟಾರು ನುಡಿಸುವಾಗ, ನೆಂಟರೆಲ್ಲ ನೋಡುತ್ತಿರುವಾಗ ಅದು ಸತ್ತರೆ ಅವರಿಗೆ ಅವಮಾನ, ಜೊತೆಗೆ ನನ್ನ ಉತ್ತರವೂ ಇಲ್ಲವೆಂದೇ ಅಂದುಕೊಳ್ಳುತ್ತಾರೆ.

ಮೀಟರು, ಕಟ್ಟರು, ಎರಡು ಐಸಿ ಬ್ಯಾಗಿಗೆ ಹಾಕಿಕೊಂಡೆ. ಮಡಕಶಿರಾಕ್ಕೆ ಹೋಗಿಬರುತ್ತೇನೆ ಎಂದೆ. ಅಪ್ಪ ಹುಲುಗಪ್ಪ ಬಿಚ್ಚಿದ ಆಂಪ್ಲಿಫೈಯರಿನಿಂದ ತಲೆ ಎತ್ತಿ ಕನ್ನಡಕದ ಮೇಲಿಂದ ನೋಡಿದರು. "ಕತ್ಲಾಗೋದ್ರಾಗ ಒಂದು ಫೋನ್ ಮಾಡವ್ವ" ಎಂದರು ಅಷ್ಟೇ.

ಕಲ್ಯಾಣದುರ್ಗದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಹೊರಗೆ ಏನಿತ್ತೋ ಕಾಣಲಿಲ್ಲ. ಕೈ ಫೋನಿನ ಮೇಲೇ ಇತ್ತು.

ನಾಲ್ಕು ತಿಂಗಳ ಹಿಂದೆ ಅವರು ಅಂಗಡಿಗೆ ಬಂದಾಗ, ಪೆಡಲ್ ಎಂದ ಕೂಡಲೇ ನಾನು ಹೊಲಿಗೆ ಮಿಷನ್ನಿನದು ಎಂದುಕೊಂಡಿದ್ದೆ. ಜೀನ್ಸ್ ಹೊಲಿಯುವ ಊರಿನಲ್ಲಿ ಇನ್ನೇನು ಅಂದುಕೊಳ್ಳಲಿ? ಅವರು ನಗದೆ, ಬೆನ್ನಿನ ಗಿಟಾರು ಇಳಿಸಿ ವಿವರಿಸಿದರು. ಗ್ರಾಮ ಸಚಿವಾಲಯದಲ್ಲಿ ರೇಷ್ಮೆ ವಿಭಾಗದ ಕೆಲಸ, ಗುಮ್ಮಗಟ್ಟದ ಕಡೆ ಪೋಸ್ಟಿಂಗು, ಸಂಜೆ ರೂಮಿನಲ್ಲಿ ಗಿಟಾರು. ಅದರ ದನಿ ಬಹಳ ನಯವಾಗಿದೆ, ಸ್ವಲ್ಪ ಒರಟಾಗಬೇಕು ಎಂದರು. ಅದಕ್ಕೆಂದೇ ಕಾಲಲ್ಲಿ ಒತ್ತುವ ಓವರ್‌ಡ್ರೈವ್ ಪೆಡಲಿನ ನಕ್ಷೆಯನ್ನು ಇಂಟರ್ನೆಟ್ಟಿನಿಂದ ತೆಗೆದು ತೋರಿಸಿದರು. ನೋಡಿದರೆ ಹಳೇ ಟೇಪ್‌ರೆಕಾರ್ಡರಿನಲ್ಲಿ ಇರುವಂಥದೇ ಐಸಿ, ಅದರ ಜೊತೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಡಯೋಡು. ಐಸಿ ದನಿಯನ್ನು ಎತ್ತುತ್ತದೆ, ಡಯೋಡುಗಳು ಅದರ ನೆತ್ತಿಯನ್ನು ಕತ್ತರಿಸುತ್ತವೆ. ಆಗ ಗಿಟಾರು ಗಂಟಲು ಕಟ್ಟಿದವರ ಹಾಗೆ ಹಾಡುತ್ತದೆ.

ಸರ್ಕ್ಯೂಟು ಎರಡು ವಾರಕ್ಕೆ ಮುಗಿಯಿತು. ಉಳಿದ ಮೂರೂವರೆ ತಿಂಗಳು ನಾಬ್ ಸಡಿಲ, ಗುಂಯ್ ಎನ್ನುತ್ತದೆ, ಲೈಟು ಹಸಿರು ಬೇಕು ಎಂದು ಅವರು ಬರುತ್ತಲೇ ಇದ್ದರು. ಸಡಿಲವಿಲ್ಲದ ನಾಬನ್ನು ನಾನು ಗಂಭೀರವಾಗಿ ಬಿಗಿ ಮಾಡಿಕೊಡುತ್ತಿದ್ದೆ. ಅವರು ನೋಡುತ್ತಿದ್ದುದು ನಾಬನ್ನಲ್ಲವೆಂದು ಕಿವಿ ಬಿಸಿಯಾಗಿ ನನಗೆ ಗೊತ್ತಾಗುತ್ತಿತ್ತು.

ಪೆಟ್ಟಿಗೆಗೆ ಗಟ್ಟಿ ಸ್ಟೀಲು ಬೇಕಿತ್ತು. ನನ್ನ ಮದುವೆಗೆಂದು ಅಪ್ಪ ಹೆಸರು ಹಾಕಿಸಿ ಅಟ್ಟದ ಮೇಲಿಟ್ಟ ಪಾತ್ರೆಗಳಲ್ಲಿ ಒಂದು ಚೌಕ ಡಬ್ಬಿ ಇತ್ತು. ಬಜಾರಿನಲ್ಲಿ ಬೇರೆ ಡಬ್ಬಿಗಳೂ ಸಿಗುತ್ತಿದ್ದವು. ಅದನ್ನೇ ಯಾಕೆ ಇಳಿಸಿದೆ ಎಂದು ನನ್ನನ್ನು ಕೇಳಬೇಡಿ. ಡ್ರಿಲ್ ಹಾಕುವಾಗ ಅಪ್ಪ ನೋಡಿದರು, ಮತ್ತೆ ತಮ್ಮ ಕೆಲಸಕ್ಕೆ ಬಗ್ಗಿದರು. ಪಕ್ಕದಲ್ಲಿ ಚುಕ್ಕಿ ಚುಕ್ಕಿಯಾಗಿ 'ಶ್ರೀಲತಾ ಹು.' ಎಂದಿದ್ದನ್ನು ಗೋವರ್ಧನ್ ಬೆರಳಿನಲ್ಲಿ ತಡವಿ, "ಇದ್ರ ಮ್ಯಾಲೆ ಕಾಲೆಂಗಿಡ್ಲಿ ಕಣ್ರೀ?" ಎಂದಿದ್ದರು. ಒತ್ತುವ ಮೊದಲು ಒಮ್ಮೆ ಡಬ್ಬಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನಾನು ನಗುತ್ತಿದ್ದೆ.

ಪಾವಗಡದಲ್ಲಿ ಬಸ್ಸು ತಪ್ಪಿತು. ಇನ್ನೊಂದಕ್ಕೆ ಒಂದು ಗಂಟೆ. ಕಬ್ಬಿನ ಹಾಲು ತೆಗೆದುಕೊಂಡು ಅರ್ಧ ಕುಡಿದು ಇಟ್ಟೆ. ಬೇಕಂತಲೇ ಫೋನ್ ಆಫ್ ಮಾಡಿದ್ದಾರೆ ಅನ್ನಿಸತೊಡಗಿತು. ಮನೆಯಲ್ಲಿ ಬೇಡವೆಂದಿರಬಹುದು. ಕರೆಯದೆ ಬಂದವಳಂತೆ ಮದುವೆ ಮನೆ ಬಾಗಿಲಲ್ಲಿ ನಿಂತು ಏನು ಹೇಳಲಿ, ಮೈನಸ್ ಒಳಗಿದೆ ಎಂದೇ? ಎರಡು ಸಲ ಎದ್ದು ರಾಯದುರ್ಗದ ಕಡೆಯ ಬಸ್ಸು ನೋಡಿ ಮತ್ತೆ ಕೂತೆ.

ಕಲ್ಯಾಣ ಮಂಟಪ ತಲುಪಿದಾಗ ಐದೂ ಮುಕ್ಕಾಲು. ಸೀರಿಯಲ್ ಸೆಟ್ಟಿನ ಬಣ್ಣದ ದೀಪ ಹೊತ್ತಿಸಿದ್ದರು. ಸ್ಟೇಜಿನ ಹಿಂದಿನ ಕೋಣೆಯಲ್ಲಿ ಗೋವರ್ಧನ್ ಹೊಸ ಶರ್ಟು ಹಾಕಿಕೊಂಡು ನೆಲದ ಮೇಲೆ ಕೂತಿದ್ದರು. ಎದುರಿಗೆ ಮುಚ್ಚಳ ತೆಗೆದ ಡಬ್ಬಿ. ನನ್ನನ್ನು ನೋಡಿದ ಕೂಡಲೇ ಡಬ್ಬಿಯ ಮೇಲೆ ಟವೆಲ್ ಎಳೆದರು. ಸುಟ್ಟ ವಾಸನೆ ಬಂತು.

"ಬೆಳಿಗ್ಗೆ ಹತ್ತಕ್ಕೇ ಓಯ್ತು" ಎಂದರು, ತಲೆ ಎತ್ತದೆ. "ರಾತ್ರಿಯೆಲ್ಲ ಕೇಬಲ್ಲು ಡಬ್ಬಿಗೆ ಹಂಗೇ ಬಿಟ್ಟಿದ್ದೆ. ಆ ಹಸಿರು ಲೈಟು ನೋಡ್ಕಂಡು ಮಲಗಿದ್ರೆ ನೀವು ಇಲ್ಲೇ ಎಲ್ಲೋ ಇದ್ದಂಗೆ ಅನ್ಸೋದು. ಬ್ಯಾಟರಿ ಸತ್ತೋಯ್ತು. ಅಡಾಪ್ಟರು ಹಾಕ್ದೆ, ಹೊಗೆ ಬಂತು. ನಿಮ್ಮ ಫೋನು ಬಂದಾಗ ಏನಂತ ಹೇಳ್ಲಿ? ನೀವು ಮಾಡ್ಕೊಟ್ಟಿದ್ದನ್ನ ಸುಟ್ಟಾಕಿದೆ ಅಂತ್ಲಾ?"

ಬಸ್ಸಿನಲ್ಲಿ ಕಟ್ಟಿದ್ದ ಮಾತೆಲ್ಲ ಕೈಬಿಟ್ಟುಹೋಯಿತು. ತಪ್ಪು ತಮ್ಮದೆಂದು ಈ ಮನುಷ್ಯ ಬೆಳಗಿನಿಂದ ಕೊರಗುತ್ತಿದ್ದರು. ನಾನು ಎದುರಿಗೆ ಕೂತು, ವೈರು ತಿರುವುಮುರುವು ಹಾಕಿದ್ದು ನಾನು, ಅಡಾಪ್ಟರಿನದೂ ತಪ್ಪಿಲ್ಲ ನಿಮ್ಮದೂ ಇಲ್ಲ ಎಂದೆ. ಅವರು ನಂಬಲಿಲ್ಲ. ಚಿತ್ರ ತೋರಿಸಿ, ಮೀಟರಿನ ಕಡ್ಡಿ ಇಟ್ಟು ತೋರಿಸಿದ ಮೇಲೆ ನಂಬಿದರು. ಕಣ್ಣಿನ ತುದಿಯಲ್ಲಿ ಮೊದಲ ಸಲ ಸ್ವಲ್ಪ ನಗು ಬಂತು.

ಐಸಿಯನ್ನು ನೇರ ಬೆಸೆಯದೆ ಬೇಸ್ ಎಂಬ ಪುಟ್ಟ ಸಾಕೆಟ್ಟಿನಲ್ಲಿ ಕೂರಿಸುವುದು ಅಪ್ಪನ ಪದ್ಧತಿ. ಹಾಗಾಗಿ ಸುಟ್ಟದ್ದನ್ನು ಕಿತ್ತು ಹೊಸದು ಒತ್ತಲು ಒಂದು ನಿಮಿಷ ಸಾಕಾಯಿತು. ಇನ್ನು ಬ್ಯಾಟರಿಯಿಂದಲೇ ನಡೆಯಲಿ ಎಂದು, ಡಬ್ಬಿಯೊಳಗೆ ಅಡಾಪ್ಟರ್ ಚುಚ್ಚುವ ತೂತಿನಿಂದ ಬರುವ ವೈರುಗಳನ್ನು ಕಟ್ಟರಿನಲ್ಲಿ ಕತ್ತರಿಸಿದೆ. ಆಗ ನೆನಪಾಯಿತು, ಬ್ಯಾಟರಿ ತಂದಿಲ್ಲ. ಹೊರಗೆ ಆಗಲೇ ಮೈಕಿನಲ್ಲಿ ಗೋವರ್ಧನ್ ಹೆಸರು ಕರೆಯುತ್ತಿದ್ದರು.

ಮೀಟರಿನ ಬೆನ್ನು ಬಿಚ್ಚಿದೆ. ಅದರಲ್ಲಿ ಇದ್ದದ್ದು ಒಂಬತ್ತು ವೋಲ್ಟಿನದೇ.

"ಅದನ್ನ ತೆಗೆದ್ರೆ ಇದು ಸರಿಯಾಗೈತಾ ಅಂತ ಎಂಗೆ ಅಳೀತೀರಾ?" ಎಂದು ಅವರು ಕೇಳಿದರು.

ಅಳೆಯಲು ಆಗುವುದಿಲ್ಲ. ಬೇರೆ ಏನಾದರೂ ಸುಟ್ಟಿದ್ದರೆ ಸ್ಟೇಜಿನ ಮೇಲೇ ಗೊತ್ತಾಗಬೇಕು. ಬ್ಯಾಟರಿ ಹಾಕಿ, ಮುಚ್ಚಳ ಬಿಗಿದು ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಕೊಟ್ಟ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

"ಇದು ಕೆಲಸ ಮಾಡ್ಲಿ, ಬಿಡ್ಲಿ. ಮನ್ಯಾಗ ಮಾತಾಡ್ರಿ" ಎಂದೆ. "ನಂದು ಹ್ಞೂಂ ಐತಿ. ಶುಕ್ರವಾರನೂ ಹ್ಞೂಂ ಇತ್ತು."

ಮೈಕಿನಲ್ಲಿ ಮತ್ತೊಮ್ಮೆ ಕರೆದರು. ಡಬ್ಬಿಯನ್ನೂ ನನ್ನ ಬೆರಳುಗಳನ್ನೂ ಒಟ್ಟಿಗೆ ಹಿಡಿದಿದ್ದವರು ಒಂದೊಂದಾಗಿ ಬಿಡಿಸಿಕೊಂಡು ಹೋದರು.

ನಾನು ಬಾಗಿಲ ಪಕ್ಕ ನಿಂತೆ. ಹೂವಿನ ಹಾರ ಹಾಕಿಕೊಂಡು ಕೂತಿದ್ದ ತಂಗಿ ಶಿವಲಕ್ಷ್ಮಿ ಅಣ್ಣನನ್ನು ನೋಡಿ ನಕ್ಕಳು. ಅವರು ಬಗ್ಗಿ ಡಬ್ಬಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮುಂದಿನ ಸಾಲಿನವರು ದೇವರಿಗೆ ನಮಸ್ಕಾರ ಎಂದುಕೊಂಡಿರಬೇಕು. ಕಾಲು ಇಟ್ಟರು. ಮೊದಲು ಏನೂ ಇಲ್ಲ. ಆಮೇಲೆ ಹಸಿರು ಲೈಟು ಹತ್ತಿತು, ಗಿಟಾರು ಗಂಟಲು ಕಟ್ಟಿದ ದನಿಯಲ್ಲಿ ಮಂಟಪದ ತುಂಬ ಎದ್ದಿತು. ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ.

ಪಕ್ಕದಲ್ಲಿ ಯಾರೋ ಬಂದು ನಿಂತಿದ್ದು ಗೊತ್ತಾಗಿರಲಿಲ್ಲ. ಗೋವರ್ಧನ್ ಅವರ ತಾಯಿ ಓಬಳಮ್ಮ. ಕೈಯಲ್ಲಿ ಊಟದ ತಟ್ಟೆ.

"ಆ ಡಬ್ಬಿ ಮ್ಯಾಲಿರಾ ಎಸ್ರು ನಿಂದೇನವ್ವ?" ಎಂದರು.

ತಲೆಯಾಡಿಸಿದೆ. ಕಣ್ಣು ಒರೆಸಿಕೊಳ್ಳಲು ಸೆರಗು ಇರಲಿಲ್ಲ, ದುಪಟ್ಟಾ ಹುಡುಕಿದೆ. ಅವರು ತಟ್ಟೆಯನ್ನು ನನ್ನ ಕೈಗಿಟ್ಟು, ತಮ್ಮ ಸೆರಗಿನಿಂದಲೇ ನನ್ನ ಮುಖ ಒರೆಸಿದರು.

"ಶುಕ್ರವಾರ ಅವ್ನ ಬ್ಯಾಗಲ್ಲಿ ನೋಡ್ದೆ" ಎಂದರು. "ನಮ್ ಕಡೆ ಹುಡ್ಗಿ ಮೊದ್ಲು ಬತ್ತಾಳೆ, ಅವಳೆಸ್ರಿನ ಪಾತ್ರೆ ಹಿಂದ್ಲಿಂದ ಬತ್ತವೆ. ಪಾತ್ರೆ ಬಂದು ಮೂರು ದಿನ ಆಯ್ತು, ಹುಡ್ಗಿ ಎಲ್ಲಿ ಅಂತ ಕಾಯ್ತಾ ಇದ್ದೆ. ಉಣ್ಣು, ಆರೋಗ್ತದೆ."