ಪರದೆಯಲ್ಲಿ ಕಂಡ ದನಿ

"ಇಷ್ಟು ಹತ್ತಿರ ನಿಂತಿದ್ರೂ ಮಾತಾಡಲ್ವಾ, ಸಂಘಮಿತ್ರಾ?"

ಜಯನಗರ ನಾಲ್ಕನೇ ಬ್ಲಾಕಿನ ಆ ಕಂಪ್ಯೂಟರ್ ಅಂಗಡಿಯಲ್ಲಿ ಅವನು ಹಿಂದಿನಿಂದ ಎರಡನೇ ಸಲ ಕೇಳಿದ. ಅವಳು ತಿರುಗಲೇ ಇಲ್ಲ. ಹವ್ಯಾಸಿಗಳು ದೂರದವರೊಡನೆ ಮಾತಾಡುವ ಹ್ಯಾಮ್ ರೇಡಿಯೋದ ಪುಟ್ಟ ಪರದೆಯನ್ನು ದೊಡ್ಡ ಮಾನಿಟರಿನಲ್ಲಿ ನೋಡಲು ಕೇಬಲ್ ಬೇಕು ಎಂದು ಅಂಗಡಿಯವರಿಗೆ ವಿವರಿಸುತ್ತಿದ್ದಳು. ಅವಳು ಬಿಲ್ಲಿಗೆ ಹೆಸರು ಹೇಳಿ, ಉತ್ತರಹಳ್ಳಿ ಎಂದಾಗಲೇ ಅವನಿಗೆ ಖಾತ್ರಿಯಾಗಿತ್ತು... ಇವಳೇ!

"ಮೇಡಂ, ನಿಮ್ಮನ್ನೇ ಕರೀತಿದಾರೆ." ಅಂಗಡಿಯವರು ಕೈ ತೋರಿಸಿದರು.

ತಿರುಗಿದಳು. ಕನ್ನಡಕ ಹಾಕಿದ, ಎತ್ತರದ ಯುವಕ. ಕಣ್ಣಿನಲ್ಲಿ ನೋವಿತ್ತು.

"ನಾನು ಪ್ರಸನ್ನ. ಜೆ.ಪಿ. ನಗರ."



ಪ್ರಸನ್ನ! ಒಂದು ವರ್ಷ, ಸಂಜೆಯಾದರೆ ಸಾಕು, ರೇಡಿಯೋದಲ್ಲಿ ಚುಕ್ಕಿ-ಗೀಟುಗಳ ಮೋರ್ಸ್ ಕೋಡಿನ ಟಿಕ್‌ಟಿಕ್ ಸದ್ದಿನಲ್ಲೇ ಅವಳೊಡನೆ ಹರಟಿದವನು. ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ... 'ಊಟ ಆಯ್ತಾ?', 'ನಿಮ್ಮ ಕಡೆ ಮಳೆನಾ?' ಕೊನೆಗೊಂದು ಸಂಜೆ ಫೋನ್ ನಂಬರ್ ಕಳಿಸಿ, 'ಭೇಟಿ ಆಗೋಣ್ವಾ?' ಎಂದಿದ್ದ.

ಅದೇ ವಾರ ಅವಳು ರೇಡಿಯೋದಿಂದ ಕಾಣೆಯಾಗಿದ್ದಳು.

"ಇಷ್ಟ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು..."

ಅವಳಿಗೆ ಸಿಕ್ಕಿದ್ದು ಅರ್ಧ ಮಾತು ಮಾತ್ರ. ಅದೂ ಅವನ ತುಟಿಗಳಿಂದ.

ಹೇಳಿಬಿಡಲೇ? ಇಷ್ಟು ಜನರ ಮುಂದೆ?

"ನನಗೆ ಬಸ್ಸಿಗೆ ಹೊತ್ತಾಯ್ತು," ಎಂದವಳೇ ಕೇಬಲ್ ಎತ್ತಿಕೊಂಡು ಹೊರಟುಬಿಟ್ಟಳು.

ಬಸ್ಸಿನ ಕಿಟಕಿಗೆ ತಲೆಯಾನಿಸಿ ಅತ್ತಳು. ಅವನು ಭೇಟಿಯಾಗೋಣ ಎಂದ ವಾರ ಬಂದ ಜ್ವರ ಇಳಿದಾಗ, ಅವಳ ಎರಡೂ ಕಿವಿಗಳ ಕೇಳುವ ಶಕ್ತಿ ಮುಕ್ಕಾಲುಪಾಲು ಹೋಗಿತ್ತು. ಕಿವಿಗೆ ಮಷೀನು ಬಂತು. ಎದುರಿಗೆ ಕೂತವರ ತುಟಿ ನೋಡುತ್ತಾ ಹೇಗೋ ನಿಭಾಯಿಸಬಹುದು. ಆದರೆ ರೇಡಿಯೋದ ಸಣ್ಣ ಟಿಕ್‌ಟಿಕ್? ಬರೀ ಗುಂಯ್ ಎನ್ನುವ ಸದ್ದು!

ಅವಳು ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಬಿಡಿಸಿ ಹಿಂದಿನ ಕೋಣೆಗೆ, ಫೈಲುಗಳ ನಡುವೆ ಕೂರಿಸಿದರು. ಗೆಳತಿಯರು ಫೋನ್ ಮಾಡುವುದನ್ನು ಬಿಟ್ಟರು. ಮನೆಗೆ ಬಂದರೆ ನಾಲ್ಕು ಗೋಡೆ. ಅವಳು ಒಂಟಿಯಲ್ಲ ಎನಿಸುತ್ತಿದ್ದ ಜಾಗ ಒಂದೇ ಇತ್ತು, ಆ ರೇಡಿಯೋ ಮೇಜು. ಈಗ ಅದೂ...

ಕೇಳಿಸದಿದ್ದರೇನು, ರೇಡಿಯೋ ಅಲೆಗಳನ್ನು ಪರದೆಯ ಮೇಲೆ ಕಣ್ಣಿನಿಂದ ಓದಬಹುದಲ್ಲವೇ? ಅದೊಂದೇ ಆಸೆಯಿಂದ ಕೇಬಲ್ ತಂದಿದ್ದಳು. ರೇಡಿಯೋದ ಬೆನ್ನಿಗೆ ಸಿಕ್ಕಿಸಿ ಮಾನಿಟರ್ ಹಾಕಿದಳು.

ಕಪ್ಪು ಪರದೆ. 'ನೋ ಸಿಗ್ನಲ್.'

ಕೇಬಲ್ ಎಷ್ಟು ಸಲ ಬಿಚ್ಚಿ ಸಿಕ್ಕಿಸಿದರೂ ಅದೇ! ಆಮೇಲೆ ಫೋನ್ ಎತ್ತಿಕೊಂಡು, ಪ್ರಸನ್ನ ಕಳಿಸಿದ್ದ, ಎಂದೂ ಬಳಸದ ಆ ನಂಬರಿಗೆ ಬರೆದಳು.

'ನಿಮ್ಮ ಮೇಲೆ ಬೇಜಾರಿಲ್ಲ. ನನಗೆ ಕಿವಿ ಕೇಳಿಸ್ತಿಲ್ಲ. ಹೇಳೋಕೆ ನಾಚಿಕೆ ಆಯ್ತು. ಕಣ್ಣಲ್ಲಾದ್ರೂ ಓದೋಣ ಅಂತ ಕೇಬಲ್ ಹಾಕಿದೆ, ಪರದೆ ಬರೀ ಕಪ್ಪು. ಕ್ಷಮಿಸಿ.'

ತಕ್ಷಣ ಉತ್ತರ ಬಂತು. 'ವಿಳಾಸ ಕಳಿಸಿ, ಭಾನುವಾರ ಬೆಳಗ್ಗೆ ಬರ್ತೀನಿ. ಏನೂ ಬಿಚ್ಚಬೇಡಿ.'

ಭಾನುವಾರ ಕೆಳಮನೆಯ ಅಂಕಮ್ಮ ಆಂಟಿ ಕಾಫಿ ತಂದಿಟ್ಟು, ಯಾರೂ ಹೇಳದಿದ್ದರೂ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಪ್ರಸನ್ನ ಅವಳಿಗೆ ತನ್ನ ಮುಖ ಕಾಣುವಂತೆ ಎದುರಿಗೇ ಕೂತ.

"ಸೊಕ್ಕು ಅಂದ್ಕೊಂಡ್ರಾ?" ಅವಳು ಕೇಳಿದಳು.

"ಇಲ್ಲ. ನಾನೇ ಏನೋ ತಪ್ಪು ಹೇಳಿದೆ ಅಂದ್ಕೊಂಡೆ. ದಿನಾ ಸಂಜೆ ರೇಡಿಯೋದಲ್ಲಿ ಕರೀತಾನೇ ಇದ್ದೆ..."

ದಿನಾ ಕರೆಯುತ್ತಿದ್ದನಾ? ಅವಳು ತಲೆ ತಗ್ಗಿಸಿದಳು.

ಅವನು ರೇಡಿಯೋದ ಮೆನು ತೆರೆದ. ಹೊರಗಿನ ಮಾನಿಟರಿಗೆ ಚಿತ್ರ ಕಳಿಸುವ ಸೆಟ್ಟಿಂಗು ಆಫ್ ಆಗಿಯೇ ಇತ್ತು! ಆನ್ ಮಾಡಿದೊಡನೆ ದೊಡ್ಡ ಪರದೆ ಬೆಳಗಿತು. ನೀಲಿಯ ಮೇಲೆ ಬಿಳಿ ಗೆರೆಗಳು ಮೆಲ್ಲಗೆ ಕೆಳಗಿಳಿಯುತ್ತಿದ್ದವು. ಒಂದೊಂದು ಗೆರೆಯೂ ಎಲ್ಲೋ ಮಾತಾಡುತ್ತಿರುವ ಒಬ್ಬೊಬ್ಬ ಮನುಷ್ಯ.

ಅವಳು ಹತ್ತಿರ ಬಗ್ಗಿ ನೋಡಿದಳು. ಮುಖ ಬಾಡಿತು.

"ಯಾರ್ಯಾರು ಇದಾರೆ ಅಂತ ಕಾಣುತ್ತೆ. ಏನು ಹೇಳ್ತಿದಾರೆ ಅಂತ ಓದೋಕಾಗಲ್ಲ... ಎಲ್ಲಾ ಕಲಸಿಹೋಗಿದೆ."

ಕ್ಲಿನಿಕ್ಕಿನಲ್ಲೂ ಹೀಗೇ ತಾನೇ ನನ್ನ ಬದುಕು! ಕಣ್ಣು ತುಂಬಿ ಬಂತು.

"ಅಳಬೇಡಿ ಪ್ಲೀಸ್. ಇದು ಎಲ್ಲರನ್ನೂ ಒಟ್ಟಿಗೆ ತೋರಿಸ್ತಿದೆ, ಅದಕ್ಕೇ. ಲ್ಯಾಪ್‌ಟಾಪ್ ಕೊಡಿ."

ರೇಡಿಯೋದಿಂದ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲ್ ಎಳೆದ. ಒಂದು ಸಾಫ್ಟ್‌ವೇರ್ ಹಾಕಿ, ಒಂದೇ ಒಂದು ಗೆರೆಯನ್ನು ಆರಿಸಿ ಹಿಗ್ಗಿಸಿದ. ಮಧ್ಯಾಹ್ನದವರೆಗೂ ಒದ್ದಾಡಿದ. ಅಂಕಮ್ಮ ಆಂಟಿ ಎರಡನೇ ಸಲ ಕಾಫಿ ತಂದರು. ಕೊನೆಗೆ ಗೆರೆ ತುಂಡಾಯಿತು... ಚುಕ್ಕಿ, ಗೀಟು, ಚುಕ್ಕಿ!

"ಯಾರೋ ತಮ್ಮ ಊರು ಹೇಳ್ತಿದಾರೆ... ಎಂ, ಎ, ಡಿ, ಯು... ಮಧುರೈ!" ಅವಳು ಮಗುವಿನಂತೆ ಕಿರುಚಿದಳು.

ಅವನು ನಕ್ಕ. ಮರುಕ್ಷಣವೇ ಅವಳ ನಗು ಮಾಯವಾಯಿತು.

"ಮುಂದೆ ಈ ಕಿವಿ ಮಷೀನೂ ಕೆಲಸಕ್ಕೆ ಬರದೇ ಹೋಗಬಹುದು ಅಂದಿದಾರೆ ಡಾಕ್ಟ್ರು. ನನ್ನ ಜೊತೆ ಮಾತಾಡೋದು ಕಷ್ಟ ಆಗುತ್ತೆ, ಪ್ರಸನ್ನ."

"ಒಂದು ವರ್ಷ ಒಂದೊಂದೇ ಅಕ್ಷರ ಒತ್ತಿ ಮಾತಾಡಿದೀನಿ ನಿಮ್ಮ ಜೊತೆ. ನನಗೇನು ಅವಸರ?"

ಅವನು ಬ್ಯಾಗು ಹೆಗಲಿಗೇರಿಸಿದ.

"ಸಂಜೆ ನಮ್ಮನೆಯಿಂದ ಕರೀತೀನಿ. ನೋಡ್ತಿರಿ."

ಬಿಸಿಲಿಳಿಯಿತು. ಅವಳು ಪರದೆಯ ಮುಂದೆ ಕೂತಿದ್ದಳು. ಖಾಲಿ ನೀಲಿ... ಇನ್ನೂ ಖಾಲಿ... ಬರದಿದ್ದರೆ? ಮನೆಗೆ ಹೋದ ಮೇಲೆ ಯೋಚಿಸಿ, ಬೇಡ ಅನ್ನಿಸಿದ್ದರೆ?

ಆಗ ಒಂದು ಚುಕ್ಕಿ ಇಳಿಯಿತು. ಹಿಂದೆಯೇ ಗೀಟು. ತುಂಬ ನಿಧಾನವಾಗಿ, ಅವಳು ಓದಲೆಂದೇ ಬಿಡಿಸಿ ಬಿಡಿಸಿ...

'ಕಾಣಿಸ್ತಿದೀನಾ?'

ಅವಳು ಮೋರ್ಸ್ ಕೀ ಒತ್ತಿದಳು. 'ಕಾಣಿಸ್ತಿದೀರ.'

'ನಾಳೆ ಬರ್ಲಾ?'

'ಕೇಬಲ್ ಎಲ್ಲಾ ಸರಿ ಇದೆಯಲ್ಲ, ಯಾಕೆ?'

'ಕೇಬಲ್ ನೋಡೋಕಲ್ಲ. ನಿಮ್ಮನ್ನ. ನಾಳೆ, ನಾಳಿದ್ದು... ದಿನಾ.'

ಅವಳ ಕೆನ್ನೆ ಬಿಸಿಯಾಯಿತು. 'ಅಯ್ಯೋ, ಬೇರೆಯವರಿಗೂ ಕೇಳಿಸ್ತಿರುತ್ತೆ ಕಣ್ರೀ!'

'ಕೇಳಿಸ್ಕೊಳ್ಳಲಿ ಬಿಡಿ. ಬರ್ಲಾ?'

ಕಣ್ಣೊರೆಸಿಕೊಂಡು, ಒಂದೊಂದೇ ಅಕ್ಷರ ಒತ್ತಿದಳು.

'ಬಾ.'