ಬೆರಳಿಗೊಂದು ಟೈ

“ಸರ್, ಕ್ಷಮಿಸಿ. ನಿಮ್ಮ ಬೆರಳು ಕಾಣ್ತಾ ಇದೆ.”

ಹಡಗಿನ ಊಟದ ಹಾಲ್‌ನ ಬಾಗಿಲಲ್ಲಿ ನಿಂತಿದ್ದ ಅಂಕಲ್ ಎಷ್ಟು ಮೆಲ್ಲಗೆ ಹೇಳಿದರೆಂದರೆ, ಬೆರಳಿಗೆ ಕೇಳಿಸಿದರೆ ಬೇಜಾರಾದೀತು ಅನ್ನುವ ಹಾಗಿತ್ತು. ಅವರ ಕೊರಳಲ್ಲಿ ಕಪ್ಪು ಬೋ-ಟೈ ಚಿಟ್ಟೆಯ ಹಾಗೆ ಕೂತಿತ್ತು.

ಅಜ್ಜ ತಲೆ ಬಗ್ಗಿಸಿ ನೋಡಿಕೊಂಡರು. ಚಪ್ಪಲಿಯ ತುದಿಯಲ್ಲಿ ಐದೂ ಬೆರಳು ಗ್ರೂಪ್ ಫೋಟೋಗೆ ನಿಂತ ಹಾಗೆ ಸಾಲಾಗಿದ್ದವು. ಹೆಬ್ಬೆರಳು ಮಾತ್ರ ಬದನೆಕಾಯಿಯ ಹಾಗೆ ಊದಿಕೊಂಡು ನೇರಳೆ ಬಣ್ಣಕ್ಕೆ ತಿರುಗಿತ್ತು.

ಅದು ಹಡಗಿನ ಬಾತ್‌ರೂಮಿನ ಕೆಲಸ. ಅದರ ಬಾಗಿಲಿಗೆ ಕಾಲೆತ್ತಿ ದಾಟಬೇಕಾದ ಹೊಸ್ತಿಲು ಇದೆ. ಹಡಗು ಹತ್ತಿದ ದಿನವೇ ಅಜ್ಜ ಅದಕ್ಕೆ ಎಡವಿದ್ದರು. ಅವತ್ತಿನಿಂದ ಬೂಟು ಅವರ ಬೆರಳನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಈಗ ಹಾಲ್ ಅಜ್ಜನನ್ನೇ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

“ಬೂಟು ಹಿಡಿಸ್ತಾ ಇಲ್ಲಪ್ಪಾ. ನೋವು,” ಅಂದರು ಅಜ್ಜ.

“ಅರ್ಥ ಆಗುತ್ತೆ ಸರ್. ಆದ್ರೆ ರೂಲ್ ಅಂದ್ರೆ ರೂಲ್.” ಬೋ-ಟೈ ಅಂಕಲ್ ಪಕ್ಕದ ಬೋರ್ಡ್ ತೋರಿಸಿದರು.

ಬೋರ್ಡ್ ಕಂಡರೆ ಓದದೆ ಮುಂದೆ ಹೋಗುವವರಲ್ಲ ಅಜ್ಜ. ರಿಟೈರ್ ಆಗುವವರೆಗೂ ಲೈಬ್ರರಿಯಲ್ಲಿ ‘ಸದ್ದು ಮಾಡಬೇಡಿ’ ಬೋರ್ಡಿನ ಕೆಳಗೆ ಕೂತಿದ್ದವರು ಅವರು. ಕನ್ನಡಕ ಏರಿಸಿ ಓದಿದರು. “ರಾತ್ರಿ ಊಟಕ್ಕೆ ಚಡ್ಡಿ ಇಲ್ಲ. ಟೋಪಿ ಇಲ್ಲ. ಚಪ್ಪಲಿ ಇಲ್ಲ.” ಆಮೇಲೆ ಗಂಭೀರವಾಗಿ ಕೇಳಿದರು. “ಅಲ್ಲಪ್ಪಾ, ಚಡ್ಡಿ ಇಲ್ಲದೆ ಊಟಕ್ಕೆ ಬರೋದು ಹೇಗೆ?”

ಪಕ್ಕದಲ್ಲಿ ನಿಂತಿದ್ದ ಗಿಣಿಗೆ ನಗು ಉಕ್ಕಿ ಬಂತು. ಕೆನ್ನೆಯೊಳಗೇ ಹಿಡಿದಿಟ್ಟುಕೊಂಡಳು.

ಅಜ್ಜನ ಮೊಮ್ಮಗಳಿಗೆ ಗಿಣಿ ಅನ್ನುವ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಯಾರದೇ ದನಿ ಅವಳ ಕಿವಿಗೆ ಹೋದರೂ ಬಾಯಿಂದ ಹಾಗೇ ಹೊರಗೆ ಬರುತ್ತಿತ್ತು. ಆದರೆ ಈಗ ಬೋ-ಟೈ ಅಂಕಲ್ಲೇ ಅವಳ ಮಾತನ್ನು ಕದ್ದಿದ್ದರು! ‘ರೂಲ್ ಅಂದ್ರೆ ರೂಲ್’ ಅನ್ನುವುದು ಗಿಣಿಯ ಡೈಲಾಗ್. ಅವಳು ಸ್ಕೂಲಿನ ಯೂನಿಫಾರ್ಮ್ ಲೀಡರ್. ದಿನಾ ಬೆಳಿಗ್ಗೆ ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡು ಗೇಟಿನಲ್ಲಿ ನಿಂತು ಎಲ್ಲರ ಟೈ, ಬೂಟು, ಸಾಕ್ಸ್ ನೋಡುವವಳು.

ಹೋದ ವಾರ ಎರಡನೇ ಕ್ಲಾಸಿನ ‘ಎರಡು ಜಡೆ’ ಹುಡುಗಿ ರಬ್ಬರ್ ಚಪ್ಪಲಿ ಹಾಕಿಕೊಂಡು ಬಂದಿದ್ದಳು. ಗೇಟಿನ ಮುಂದೆ ನಿಂತು, “ಅಕ್ಕಾ, ಒಳಗೆ ಹೋಗ್ಲಾ?” ಅಂತ ಕೇಳಿದ್ದಳು. ಗಿಣಿ ಬ್ಯಾಡ್ಜ್ ಸರಿ ಮಾಡಿಕೊಂಡು, “ರೂಲ್ ಅಂದ್ರೆ ರೂಲ್” ಅಂದಿದ್ದಳು. ಪ್ರೇಯರ್ ಮುಗಿಯುವವರೆಗೂ ಆ ಹುಡುಗಿ ಗೋಡೆ ಪಕ್ಕ ನಿಂತಿದ್ದಳು.

ಹಾಗಾಗಿ ಗಿಣಿ ಈಗ ಲೀಡರ್ ಥರಾನೇ ಹೇಳಿದಳು. “ಅಜ್ಜ, ಅಂಕಲ್ ಹೇಳೋದು ಸರಿ. ರೂಲು.”

“ನೀನೂ ಆ ಪಾರ್ಟಿನಾ?” ಅಂದರು ಅಜ್ಜ. “ಸರಿ ಬಿಡು. ನಾನು ಮೇಲಿನ ಡೆಕ್ಕಿಗೆ ಹೋಗ್ತೀನಿ. ಅಲ್ಲಿನ ಬಫೆಯಲ್ಲಿ ಕಾಲು ಯಾರೂ ನೋಡಲ್ಲ, ತಟ್ಟೆ ಮಾತ್ರ ನೋಡ್ತಾರೆ.”

“ಅಯ್ಯೋ, ಅಜ್ಜಿ ಬರ್ತ್‌ಡೇ! ನೀನಿಲ್ದೆ ಅಜ್ಜಿ ಕೇಕ್ ಕಟ್ ಮಾಡಲ್ಲ!”

ಹಾಲ್‌ನ ಒಳಗೆ ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಅಜ್ಜಿ, ಅಪ್ಪ, ಅಮ್ಮ ಆಗಲೇ ಕೂತಿದ್ದರು. ಅಜ್ಜಿ ಕುತ್ತಿಗೆ ಉದ್ದ ಮಾಡಿ ಬಾಗಿಲ ಕಡೆಗೇ ನೋಡುತ್ತಿದ್ದರು. ಮುಂದೆ ಕೇಕ್ ಇತ್ತು. ಕೇಕಿನ ಮುಂದೆ ಖಾಲಿ ಕುರ್ಚಿ ಇತ್ತು.

ಅಷ್ಟರಲ್ಲಿ ಹಿಂದಿನಿಂದ ಟಪ್ ಟಪ್ ಟಪ್ ಅಂತ ಸದ್ದು ಬಂತು.

ದೊಡ್ಡ ಹೊಟ್ಟೆಯ ಒಬ್ಬರು ಹೂವಿನ ಚಡ್ಡಿ, ಕೆಂಪು ಟೋಪಿ, ರಬ್ಬರ್ ಚಪ್ಪಲಿಯಲ್ಲಿ ಬಂದರು. ನಿಲ್ಲಲಿಲ್ಲ. ಬೋರ್ಡ್ ಓದಲಿಲ್ಲ. ಬೋ-ಟೈ ಅಂಕಲ್ ಹೆಗಲಿಗೆ ಪಟ್ ಅಂತ ತಟ್ಟಿ, “ಏನ್ ಬಾಸ್, ಹೆಂಗಿದೀರಾ?” ಅನ್ನುತ್ತಾ ಒಳಗೆ ನಡೆದುಬಿಟ್ಟರು.

“ವೆಲ್ಕಮ್ ಸರ್!” ಅಂದರು ಬೋ-ಟೈ ಅಂಕಲ್.

ಗಿಣಿಯ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. “ಅಂಕಲ್! ಅವರು ಚಡ್ಡಿ!”

“ಅದು... ಚಡ್ಡಿ ಅಲ್ಲ ಪುಟ್ಟಿ. ಮುಕ್ಕಾಲು ಪ್ಯಾಂಟು.”

“ಎಲ್ಲಿ ಮುಕ್ಕಾಲು? ಪ್ಯಾಂಟು ಬರೀ ಕಾಲು, ಕಾಲೇ ಮುಕ್ಕಾಲು!”

ಕ್ಯೂನಲ್ಲಿದ್ದವರು ಕಿಸಕ್ಕೆಂದರು. ಬೋ-ಟೈ ಅಂಕಲ್‌ಗೆ ಕೆಮ್ಮು ಬಂತು.

ಗಿಣಿ ಅಜ್ಜನ ಕೈ ಹಿಡಿದು ಲಿಫ್ಟಿನ ಪಕ್ಕಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ದೊಡ್ಡ ಕನ್ನಡಿ ಇತ್ತು.

“ಅಜ್ಜ, ನಂಗೆ ಟ್ರಿಕ್ ಗೊತ್ತಾಯ್ತು. ನಿಂತವರನ್ನ ನಿಲ್ಲಿಸ್ತಾರೆ. ನಡೆದವರನ್ನ ಬಿಡ್ತಾರೆ. ನೀನು ನಿಲ್ಬೇಡ, ಓದ್ಬೇಡ, ಕೇಳ್ಬೇಡ. ಹಿಂಗೆ ಬಾ.” ಅವಳು ಹೊಟ್ಟೆ ಮುಂದೆ ಮಾಡಿ, ಕಾಲು ಅಗಲಿಸಿ, ದಪ್ಪ ದನಿ ತೆಗೆದಳು. “ಏನ್ ಬಾಸ್, ಹೆಂಗಿದೀರಾ?”

ದನಿ ಎಷ್ಟು ಚೆನ್ನಾಗಿ ಬಂತೆಂದರೆ, ಲಿಫ್ಟಿನಿಂದ ಇಳಿದ ಹೆಂಗಸೊಬ್ಬರು ಆ ದಪ್ಪ ದನಿಯವರನ್ನು ಹುಡುಕುತ್ತಾ ಸುತ್ತ ನೋಡಿದರು.

“ಈಗ ನೀನು,” ಅಂದಳು ಗಿಣಿ.

ಅಜ್ಜ ಗಂಟಲು ಸರಿ ಮಾಡಿಕೊಂಡರು. “ಏನ್ ಬಾಸ್,” ಅಂತ ಪಿಸುಗುಟ್ಟಿದರು.

“ಜೋರಾಗಿ!”

“ಜೋರಾಗಿ ಮಾತಾಡಿದ್ರೆ ನಾನೇ ನನಗೆ ಶ್ ಅಂತೀನಿ ಕಣೇ. ಲೈಬ್ರರಿ ಗಂಟಲು ಇದು.”

“ಹಾಗಾದ್ರೆ ಮಾತೇ ಬೇಡ. ಹೆಗಲಿಗೆ ಒಂದು ಪಟ್, ಆಮೇಲೆ ಒಳಗೆ ಝಟ್. ಅಷ್ಟೇ.”

ಕನ್ನಡಿಯ ಮುಂದೆ ಪಟ್, ಝಟ್ ಪ್ರಾಕ್ಟೀಸ್ ನಡೆಯಿತು. ಅಜ್ಜ ಹೊಟ್ಟೆ ಮುಂದೆ ಮಾಡಲು ನೋಡಿದರು. ಇರುವಷ್ಟು ಬಂತು. ಹೆಬ್ಬೆರಳು ನೋಯುತ್ತಿದ್ದುದರಿಂದ ನಡಿಗೆಯೂ ಒಂಥರಾ ಓಲಾಡುತ್ತಾ ಸ್ಟೈಲಾಗೇ ಇತ್ತು.

“ಸೂಪರ್!” ಅಂದಳು ಗಿಣಿ.

ಅಜ್ಜ ಹೊರಟರು. ಬಾಗಿಲು ಹತ್ತಿರ ಬಂತು. ಬೋ-ಟೈ ಅಂಕಲ್ ಪಕ್ಕಕ್ಕೆ ತಿರುಗಿ ಯಾರಿಗೋ ಟೇಬಲ್ ತೋರಿಸುತ್ತಿದ್ದರು. ದಾರಿ ಖಾಲಿ! ಗಿಣಿ ಉಸಿರು ಬಿಗಿ ಹಿಡಿದಳು. ಅಜ್ಜ ಪಟ್ ಅನ್ನಿಸಲು ಕೈ ಎತ್ತಿದರು. ಆಮೇಲೆ, ಹೊಸಬರ ಮನೆಯ ಬಾಗಿಲಲ್ಲಿ ನಿಲ್ಲುವ ಹಾಗೆ ನಿಂತು, ಅದೇ ಕೈಯಿಂದ ಅಂಕಲ್ ತೋಳನ್ನು ಮೆಲ್ಲಗೆ ಮುಟ್ಟಿ ಕೇಳಿದರು.

“ಒಳಗೆ ಬರಬಹುದಾ ಅಪ್ಪಾ?”

ಗಿಣಿ ಹಣೆ ಚಚ್ಚಿಕೊಂಡಳು.

ಬೋ-ಟೈ ಅಂಕಲ್ ಕೆಳಗೆ ನೋಡಿದರು. ಐದು ಬೆರಳೂ ಅವರನ್ನೇ ನೋಡುತ್ತಿದ್ದವು. “ಸರ್... ಮತ್ತೆ ಅದೇ ಬೆರಳು.”

“ಹೌದಪ್ಪಾ. ಬೇರೆ ತಂದಿಲ್ಲ,” ಅಂದರು ಅಜ್ಜ.

ಗಿಣಿಗೆ ತಡೆಯಲಾಗಲಿಲ್ಲ. ಓಡಿ ಬಂದು ನಡುವೆ ನಿಂತು, ಅಂಕಲ್ ದನಿಯಲ್ಲೇ ಶುರು ಮಾಡಿದಳು. “ಸರ್, ಕ್ಷಮಿಸಿ, ನಿಮ್ಮ ಬೆರಳು ಕಾಣ್ತಾ ಇದೆ! ಓ, ನಿಮ್ಮ ಮಂಡಿ ಕಾಣ್ತಾ ಇದೆಯಾ? ವೆಲ್ಕಮ್ ಸರ್!” ಕ್ಯೂನಲ್ಲಿದ್ದವರು ಈ ಸಲ ಜೋರಾಗಿಯೇ ನಕ್ಕರು. “ಅವರನ್ನ ಯಾಕೆ ಬಿಟ್ರಿ ಅಂಕಲ್? ನಮ್ಮಜ್ಜನ್ನ ಯಾಕೆ ಬಿಡಲ್ಲ?”

ಬೋ-ಟೈ ಅಂಕಲ್ ನಗಲಿಲ್ಲ, ಬೈಯಲೂ ಇಲ್ಲ. ಬಗ್ಗಿ ಗಿಣಿಯ ಕಿವಿಯ ಹತ್ತಿರ ಹೇಳಿದರು.

“ನೋಡು ಪುಟ್ಟಿ. ಮೊನ್ನೆ ಅವರನ್ನ ನಿಲ್ಲಿಸ್ದೆ. ಹಡಗು ಮುಳುಗೋ ಹಾಗೆ ಕೂಗಾಡಿದ್ರು. ಮ್ಯಾನೇಜರ್ ಬಂದು ನಂಗೇ ಬೈದ್ರು. ನಿಮ್ಮಜ್ಜ ಕೂಗಾಡಲ್ಲ. ನೋಡಿದ ತಕ್ಷಣ ಗೊತ್ತಾಯ್ತು.”

“ಅದಕ್ಕೇ ನಿಲ್ಲಿಸಿದ್ರಾ?”

ಅಂಕಲ್ ನೆಟ್ಟಗೇ ಇದ್ದ ಟೈಯನ್ನು ಇನ್ನೊಮ್ಮೆ ನೆಟ್ಟಗೆ ಮಾಡಿಕೊಂಡರು.

ಗಿಣಿಯ ಕೈ ತಾನಾಗಿ ಎದೆಯ ಹತ್ತಿರ ಹೋಯಿತು. ಅಲ್ಲಿ ಬ್ಯಾಡ್ಜ್ ಇರಲಿಲ್ಲ. ಅದು ಮನೆಯಲ್ಲಿ ಯೂನಿಫಾರ್ಮಿಗೇ ಚುಚ್ಚಿಕೊಂಡಿತ್ತು. ಯಾಕೋ ಅವಳ ಕ್ಲಾಸಿನ ಪಿಂಕ್ ಸಾಕ್ಸ್ ಹುಡುಗಿ ನೆನಪಾದಳು. ಅವಳನ್ನು ಗೇಟಿನಲ್ಲಿ ನಿಲ್ಲಿಸಿದರೆ ವಾರಪೂರ್ತಿ ಟೂ ಬಿಡುತ್ತಾಳೆ. ಅದಕ್ಕೇ ಪಿಂಕ್ ಸಾಕ್ಸ್ ಬಂದಾಗಲೆಲ್ಲ ಗಿಣಿ ಆಕಾಶ ನೋಡುತ್ತಾಳೆ.

“ಏನ್ರೀ, ಕೇಕ್ ಕರಗ್ತಾ ಇದೆ!” ಒಳಗಿನಿಂದ ಅಜ್ಜಿ ಕೂಗಿದರು.

ಬಾಗಿಲ ಹಿಂದೆ ಒಂದು ಬೀರು ಇತ್ತು. ಕೋಟು, ಟೈ ಮರೆತು ಬಂದವರಿಗೆ ಕೊಡಲು ಅದರಲ್ಲಿ ಕೋಟುಗಳು, ಟೈಗಳು ಇದ್ದವು. ಬೂಟು ಮಾತ್ರ ಇರಲಿಲ್ಲ.

“ಅಂಕಲ್,” ಅಂದಳು ಗಿಣಿ ಮೆಲ್ಲಗೆ. ಈ ಸಲ ಅದು ಅವಳದೇ ದನಿ. “ಬೆರಳು ಕಾಣದೆ ಇದ್ರೆ ಸಾಕಲ್ವಾ?”

ಅಂಕಲ್ ಅವಳನ್ನು ನೋಡಿದರು. ಬೆರಳನ್ನು ನೋಡಿದರು. ಆಮೇಲೆ ಊಟಕ್ಕೆ ಕೂತಾಗ ತೊಡೆಯ ಮೇಲೆ ಹಾಸುವ ಕಪ್ಪು ನ್ಯಾಪ್‌ಕಿನ್ ತಂದು ಅಜ್ಜನ ಮುಂದೆ ಮಂಡಿಯೂರಿ ಕೂತರು. ನೋಯದ ಹಾಗೆ ಪಾದವನ್ನು ಚಪ್ಪಲಿಯ ಸಮೇತ ಸುತ್ತಿದರು. ಇನ್ನೊಂದು ಪಾದಕ್ಕೆ ಇನ್ನೊಂದು ನ್ಯಾಪ್‌ಕಿನ್. ಎರಡೂ ಬಿಚ್ಚಿಕೊಳ್ಳದ ಹಾಗೆ ಬೀರುವಿನಿಂದ ಎರಡು ಬೋ-ಟೈ ತೆಗೆದು ಮೇಲೆ ಬಿಗಿದರು.

“ಸರ್, ಈಗ ನೀವು ಫುಲ್ ಫಾರ್ಮಲ್,” ಅಂದರು.

ಅಜ್ಜ ಕಾಲು ಮುಂದೆ ಚಾಚಿ ನೋಡಿಕೊಂಡರು. “ಕೊರಳಿಗೆ ಟೈ ಕಟ್ಟಿದವರು ಬೇಕಾದಷ್ಟು ಜನ ಇದಾರೆ. ಬೆರಳಿಗೆ ಕಟ್ಟಿದವನು ಈ ಹಡಗಲ್ಲಿ ನಾನೊಬ್ಬನೇ!”

ಅವರು ಒಳಗೆ ನಡೆದಾಗ ಕೆಂಪು ಟೋಪಿಯವರೇ ಎದ್ದು ಚಪ್ಪಾಳೆ ತಟ್ಟಿದರು. “ವಾಹ್ ಬಾಸ್! ಈ ಬೂಟು ಎಲ್ಲಿ ತಗೊಂಡ್ರಿ?”

ಅಜ್ಜಿ ಕೇಕ್ ಕತ್ತರಿಸಿದರು. ಅಜ್ಜನ ಕಾಲು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಪ್ಪ ಫೋಟೋ ತೆಗೆದರು, ಅದೂ ಟೇಬಲ್ಲಿನ ಕೆಳಗಿನಿಂದ.

“ಗಿಣಿ ಯಾಕೆ ಸುಮ್ಮನಿದೆ?” ಅಂದರು ಅಮ್ಮ. “ಯಾರದಾದ್ರೂ ದನಿ ಮಾಡೇ. ಬಾಗಿಲಲ್ಲಿದ್ದಾರಲ್ಲ, ಅವರದ್ದು ಮಾಡು.”

ಗಿಣಿ ಬಾಗಿಲ ಕಡೆ ನೋಡಿದಳು. ಆಮೇಲೆ, ಇದುವರೆಗೂ ಮಾಡದಿದ್ದ ಒಂದು ದನಿ ಬಂತು. ಸಣ್ಣದು, ಅರ್ಧ ಒಳಗೇ ಉಳಿಯುವಂಥದ್ದು.

“ಅಕ್ಕಾ, ಒಳಗೆ ಹೋಗ್ಲಾ?”

“ಇದ್ಯಾರು? ಗೊತ್ತಾಗಲಿಲ್ಲ,” ಅಂದರು ಅಪ್ಪ.

“ನಮ್ ಸ್ಕೂಲಲ್ಲಿ ಒಬ್ಬಳು. ಎರಡನೇ ಕ್ಲಾಸು. ಚಪ್ಪಲಿ ಹಾಕ್ಕೊಂಡು ಬಂದಿದ್ಲು.”

“ಪಾಪ,” ಅಂದರು ಅಜ್ಜ, ಕೇಕ್ ಬಾಯಿಗಿಡುತ್ತಾ. “ಅವಳ ಬೆರಳಿಗೆ ಏನಾಗಿತ್ತಂತೆ?”

ಗಿಣಿ ಚಮಚ ಕೆಳಗಿಟ್ಟಳು.

“ನಾನು ಕೇಳಲೇ ಇಲ್ಲ ಅಜ್ಜ,” ಅಂದಳು.