ಮಡಕೆಯನ್ನು ಕೇಳಿದ ಮಾಳವ್ವ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಬೆಳ್ಗಲ್ಲು ಎಂಬ ರಾಜ್ಯವಿತ್ತು. ಅಲ್ಲಿ ಸುಣ್ಣ ಸುಡುವ ಮಾಳವ್ವ ಎಂಬ ಹೆಂಗಸಿದ್ದಳು. ಅವಳು ಯಾರನ್ನೂ ನಂಬುತ್ತಿರಲಿಲ್ಲ. ಅದು ಅವಳ ಕಸುಬಿನ ಗುಣ. ಸುಟ್ಟ ಸುಣ್ಣದ ಕಲ್ಲೂ ಬೆಳ್ಳಗೆ, ಸುಡದ ಕಲ್ಲೂ ಬೆಳ್ಳಗೆ, ಕಣ್ಣಿಗೆ ಏನು ತಿಳಿಯಬೇಕು? ಅದಕ್ಕೇ ಸುಣ್ಣಗಾರರು ಕಲ್ಲಿನ ಚೂರು ಮುರಿದು, ಹುಲ್ಲು ಸುತ್ತಿದ ಮಡಕೆಯಲ್ಲಿ ಅಳತೆಯ ನೀರಿಟ್ಟು, ಅದರೊಳಗೆ ಹಾಕುತ್ತಿದ್ದರು. ಆಮೇಲೆ ಮೊಣಕೈ ಅದ್ದಿ, ನೀರು ಎಷ್ಟು ಬಿಸಿಯಾಯಿತೆಂದು ನೋಡುತ್ತಿದ್ದರು. ಚೆನ್ನಾಗಿ ಬೆಂದ ಕಲ್ಲಾದರೆ ನೀರು ಕಾಯುತ್ತದೆ, ಬೇಯದ್ದಾದರೆ ತಣ್ಣಗೇ ಇರುತ್ತದೆ. ಇದಕ್ಕೆ ಅವರು ಮಡಕೆಯನ್ನು ಕೇಳುವುದು ಎನ್ನುತ್ತಿದ್ದರು.

ಒಂದು ದಿನ ಶೀತಕೇತು ಎಂಬ ಮಾಂತ್ರಿಕ ಬಂದು ಅರಮನೆಯಲ್ಲಿ ಬಿಳಿಯ ಕಲ್ಲಿನ ಪೀಠ ಹಾಕಿಸಿಕೊಂಡು ಕೂತ. ಅಂದಿನಿಂದ ರಾಜ್ಯದ ಕಾವೆಲ್ಲ ಮಾಯವಾಯಿತು. ಒಲೆಯಲ್ಲಿ ಉರಿ ಕಂಡರೂ ಅನ್ನ ಬೇಯಲಿಲ್ಲ. ರಾಜ ಕಂಬಳಿ ಹೊದ್ದು ಬೇಡಿಕೊಂಡಾಗ ಮಾಂತ್ರಿಕ ನಯವಾಗಿ ನಕ್ಕು, ತನ್ನ ಮೂರು ಪ್ರಶ್ನೆಗೆ ಉತ್ತರಿಸಿದವರಿಗೆ ಕಾವನ್ನೆಲ್ಲ ಬಿಟ್ಟುಕೊಡುವುದಾಗಿಯೂ, ತಪ್ಪಿದವರ ಮೈಯ ಕಾವು ತನ್ನದಾಗುವುದಾಗಿಯೂ ಹೇಳಿದ.

ಕೆಲವರು ಹೋಗಿ ಸೋತರು. ಆಮೇಲೆ ಮಾಳವ್ವನ ಗಂಡ ಬೋರಣ್ಣ ಹೋದ. ರಾಜಸಭೆಗೆ ಮಸಿ ಹಿಡಿದ ಮಡಕೆ ಒಯ್ಯಲು ನಾಚಿ, ಬರಿಗೈಯಲ್ಲಿ ಹೋದ. ಕಣ್ಣು ನಂಬಿ ಉತ್ತರ ಕೊಟ್ಟ, ನಿಂತಲ್ಲೇ ತಣ್ಣಗೆ ಕಲ್ಲಾದ. ಸುದ್ದಿ ಕೇಳಿ ಮಾಳವ್ವ ಅಳಲಿಲ್ಲ. ಅವಳಿಗೆ ಸಿಟ್ಟು ಬಂದಿತ್ತು. ಮಡಕೆಯನ್ನು ಸೊಂಟಕ್ಕಿಟ್ಟುಕೊಂಡು ಅರಮನೆಗೆ ನಡೆದಳು.

ಸಭೆಯವರು ಮಡಕೆ ನೋಡಿ ಮೂಗು ಮುರಿದರು. ಮಾಳವ್ವ ಮಾತ್ರ ಮಾಂತ್ರಿಕನನ್ನೇ ನೋಡುತ್ತಿದ್ದಳು. ಆಳೊಬ್ಬ ಕುಡಿಯಲು ನೀರು ತಂದರೆ ಅವನು ದೂರದಿಂದಲೇ ಕೈಯಾಡಿಸಿ ಕಳಿಸಿದ. ಪಕ್ಕದಲ್ಲಿದ್ದ ತುಪ್ಪದ ಬಟ್ಟಲನ್ನು ಎತ್ತಿ ಕುಡಿದ. ಇದೆಂಥ ಬಾಯಾರಿಕೆ ಎಂದುಕೊಂಡಳು ಅವಳು.

ಪ್ರಶ್ನೆಗಳಿಗೆ ಬೇಕಾದಷ್ಟು ಕಾವನ್ನು ಮಾಂತ್ರಿಕ ತಾನೇ ಬಿಟ್ಟುಕೊಟ್ಟಿದ್ದ. ಮೊದಲ ಪ್ರಶ್ನೆಗೆ ಕೆಂಪಗೆ ಕಾದ ಸೂಜಿ ಬಂತು, ಜೊತೆಗೆ ಒಂದು ಚೆಂಬು ಉಗುರುಬೆಚ್ಚಗಿನ ನೀರು. ಯಾವುದರಲ್ಲಿ ಕಾವು ಹೆಚ್ಚು? ಬೋರಣ್ಣ ಸೂಜಿ ಎಂದಿದ್ದನಂತೆ.

"ಮಡಕೆ ಕೇಳ್ತೀನಿ, ಸ್ವಾಮಿ," ಎಂದಳು ಮಾಳವ್ವ. ಮಡಕೆಗೆ ಅಳೆದು ತಣ್ಣೀರು ಹಾಕಿ ಸೂಜಿ ಬಿಟ್ಟಳು. ಚುಂಯ್ ಎಂದು ಸದ್ದು ಮಾಡಿದ್ದಷ್ಟೇ, ನೀರು ತಣ್ಣಗೇ ಇತ್ತು. ಮತ್ತೆ ಅಷ್ಟೇ ತಣ್ಣೀರಿಗೆ ಚೆಂಬಿನ ನೀರು ಸುರಿದಳು. ಮಡಕೆ ಬೆಚ್ಚಗಾಯಿತು. ಚೆಂಬಿನ ನೀರು ಎಂದಳು. ಉತ್ತರ ಸರಿಯಿತ್ತು.

ಎರಡನೆಯ ಪ್ರಶ್ನೆಗೆ, ಕುದಿಯುವ ಒಂದೇ ಕೊಪ್ಪರಿಗೆಯಿಂದ ಕಬ್ಬಿಣದ ಗುಂಡನ್ನೂ ಅದೇ ತೂಕದ ನೀರನ್ನೂ ತೆಗೆದಿಟ್ಟು, ಯಾವುದರಲ್ಲಿ ಕಾವು ಹೆಚ್ಚೆಂದು ಕೇಳಿದರು. ಗುಂಡು ಮುಟ್ಟಿದ ಆಳು ಕೈ ಸುಟ್ಟುಕೊಂಡು ಕುಣಿದಾಡಿದ. ಇಷ್ಟು ಚೆನ್ನಾಗಿ ಕುಣಿಯುವವನನ್ನು ಯಾರೋ ಕಲಿಸಿ ನಿಲ್ಲಿಸಿದ್ದಾರೆ ಎಂದು ಮಾಳವ್ವನಿಗೆ ಅನುಮಾನ. ಮಡಕೆ ಕೇಳಿದಳು. ಗುಂಡಿನಿಂದ ನೀರು ಕೊಂಚ ಬೆಚ್ಚಗಾಯಿತು, ಬಿಸಿನೀರಿನಿಂದ ಮೊಣಕೈ ಇಡಲಾಗದಷ್ಟು ಬಿಸಿಯಾಯಿತು. ನೀರು ಎಂದಳು. ಎರಡನೆಯ ಉತ್ತರವೂ ಸರಿಯಾಯಿತು. ಅವಳು ಮಡಕೆ ಚೆಲ್ಲುವಾಗ ನಾಲ್ಕು ಹನಿ ಪೀಠದ ಕಡೆ ಸಿಡಿದವು. ಮಾಂತ್ರಿಕ ಥಟ್ಟನೆ ಪೀಠವನ್ನು ಹಿಂದಕ್ಕೆ ಎಳೆಸಿದ. ಮಾಳವ್ವನ ಹುಬ್ಬು ಗಂಟಿಕ್ಕಿತು.

"ಕೊನೆಯದು," ಎಂದ ಶೀತಕೇತು. "ನಿಮ್ಮ ಕಾವೆಲ್ಲ ಎಲ್ಲಿದೆ?"

ಮೂಲೆಯಲ್ಲಿ ದೊಡ್ಡ ಕೆಂಡದ ರಾಶಿ ಧಗಧಗಿಸುತ್ತಿತ್ತು. ಎಲ್ಲರ ಕಣ್ಣೂ ಅತ್ತ ಹೋಯಿತು. ಮಾಳವ್ವ ಅತ್ತ ನೋಡಲಿಲ್ಲ. ಕಾವು ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಸೇರಲೇಬೇಕು ಎಂಬುದು ಅವಳಿಗೆ ಗೊತ್ತಿತ್ತು. ಮೂರು ದಿನ ಭಟ್ಟಿಯಲ್ಲಿ ಬೆಂದ ಕಲ್ಲು ಆರಿದ ಮೇಲೆ ಮುಟ್ಟಿದರೆ ತಣ್ಣಗಿರುತ್ತದೆ, ಕುಡಿದ ಬೆಂಕಿ ಮಾತ್ರ ಅದರೊಳಗೇ ಇರುತ್ತದೆ. ಅವಳು ಮಡಕೆಗೆ ಮತ್ತೆ ತಣ್ಣೀರು ತುಂಬಿಕೊಂಡು ನೇರ ಪೀಠದ ಬಳಿ ಹೋದಳು.

"ಸ್ವಾಮಿ, ಇದರದ್ದೊಂದು ಚೂರು ಮುರಕೊಳ್ಲಾ? ಮಡಕೆ ಕೇಳಬೇಕು."

"ಮುಟ್ಟಬೇಡ," ಎಂದು ಮಾಂತ್ರಿಕ ಕಿರುಚಿದ. ಅಲ್ಲಿಯವರೆಗೆ ಅವನ ದನಿ ಏರಿದ್ದೇ ಇಲ್ಲ. ಮಾಳವ್ವನಿಗೆ ಅಷ್ಟು ಸಾಕಾಯಿತು. ಚೂರು ಮುರಿಯುವ ಗೋಜಿಗೆ ಹೋಗದೆ ಮಡಕೆಯ ನೀರನ್ನೆಲ್ಲ ಪೀಠದ ಮೇಲೆ ಸುರಿದಳು.

ಪೀಠ ಬುಸುಗುಟ್ಟಿತು, ಬಿರಿಯಿತು, ಕೊತಕೊತ ಕುದಿಯಿತು. ಆವಿ ಸಭೆಯನ್ನೆಲ್ಲ ತುಂಬಿತು. ಶೀತಕೇತು ಮನುಷ್ಯನೇ ಅಲ್ಲ, ಹಿಮದ ಬೊಂಬೆ. ಕರಗಬಾರದೆಂದೇ ಊರಿನ ಕಾವನ್ನೆಲ್ಲ ಕಲ್ಲಿನೊಳಗೆ ಬಚ್ಚಿಟ್ಟಿದ್ದ. ಈಗ ಅವನು ಪಾದದಿಂದ ಮೇಲಕ್ಕೆ ಕರಗುತ್ತ ಹೋದ, ಕರಗಿದ ನೀರು ಪೀಠದ ಮೇಲೇ ಹರಿಯಿತು. ಉಳಿದ ಕಲ್ಲೂ ಅವನ ನೀರಿಗೇ ಅರಳಿ ಪುಡಿಯಾಯಿತು. ಒಲೆಗಳಿಗೆ ಬಿಸಿ ಬಂತು, ಕಲ್ಲಾಗಿದ್ದವರು ಒಬ್ಬೊಬ್ಬರಾಗಿ ಕೆಮ್ಮಿ ಕಣ್ಣು ಬಿಟ್ಟರು.

ಬೋರಣ್ಣ ನಗುತ್ತ ಹೆಂಡತಿಯ ಕಡೆ ಬಂದ. ಮಾಳವ್ವ ನಗಲಿಲ್ಲ. ಮಡಕೆಗೆ ಹೊಸ ತಣ್ಣೀರು ಹಾಕಿ, ಗಂಡನ ಎರಡೂ ಕೈಯನ್ನು ಅದರಲ್ಲಿ ಮುಳುಗಿಸಿ ಹಿಡಿದಳು.

"ನಾನೇ ಕಣೇ. ಇನ್ನೂ ನಂಬಿಕೆ ಬರಲಿಲ್ವಾ?"

"ಸುಮ್ನಿರಿ. ಇನ್ನೊಂದು ಗಳಿಗೆ."

ಮೆಲ್ಲಗೆ, ತೀರ ಮೆಲ್ಲಗೆ ನೀರಿನ ಚಳಿ ಬಿಟ್ಟಿತು. ಆಗ ಮಾಳವ್ವ ಅತ್ತಳು. ರಾಜ ಆ ಪೀಠದ ಸುಣ್ಣವನ್ನು ಮನೆಮನೆಗೂ ಹಂಚಿದ. ಊರಿನ ಗೋಡೆಗಳೆಲ್ಲ ಬೆಳ್ಳಗಾದವು, ಜನ ಬೆಚ್ಚಗೆ ಉಂಡು ಸುಖವಾಗಿದ್ದರು. ಮಾಳವ್ವ ಮಾತ್ರ ಬಹಳ ದಿನ, ಬೆಳಗಾದರೆ ಮೊದಲು ಮಡಕೆಗೆ ನೀರು ತುಂಬಿ ಗಂಡನ ಕೈ ಹಿಡಿದು ಅದ್ದುತ್ತಿದ್ದಳು. ಅವನೂ ಬೇಡವೆನ್ನದೆ ಕೈ ಕೊಡುತ್ತಿದ್ದ.